ಪೋಕರ್: ಮೊದಲೆರಡು ಎಲೆಗಳಿಗೆ ಬೆಲೆ ಕಟ್ಟುವ ಬಗೆ

ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ 2003ರಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪ್ರಧಾನ ಪಂದ್ಯದ ಕಣದಲ್ಲಿ 839 ಸ್ಪರ್ಧಿಗಳಿದ್ದರು. ಪ್ರವೇಶ ಶುಲ್ಕ ತಲಾ 10 ಸಾವಿರ ಡಾಲರ್. ಅಂತಿಮವಾಗಿ ಮೇಜಿನಲ್ಲಿ ಉಳಿದವರು ಇಬ್ಬರೇ. ಒಬ್ಬರು ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ. ಇನ್ನೊಬ್ಬರು, ನೂರು ಡಾಲರಿಗೂ ಕಡಿಮೆ ಮೊತ್ತದ ಅಂತರ್ಜಾಲ ಅರ್ಹತಾ ಪಂದ್ಯ ಗೆದ್ದು ಅಲ್ಲಿಗೆ ತಲುಪಿದ್ದ ಟೆನೆಸಿ ರಾಜ್ಯದ ಲೆಕ್ಕಪತ್ರ ನೌಕರ ಕ್ರಿಸ್ ಮನಿಮೇಕರ್. ಕೊನೆಯ ಆಟದಲ್ಲಿ ಫರ್ಹಾ ಕೈಗೆ ಬಂದದ್ದು ಗುಲಾಮ ಮತ್ತು ಹತ್ತು. ಮನಿಮೇಕರ್ ಕೈಗೆ ಐದು ಮತ್ತು ನಾಲ್ಕು. ಈ ಎಲೆಗಳಷ್ಟನ್ನೇ ನೋಡಿ ಹೇಳುವುದಾದರೆ ಮೂರರಲ್ಲಿ ಸುಮಾರು ಎರಡು ಬಾರಿ ಫರ್ಹಾ ಗೆಲ್ಲಬೇಕು. ಆದರೆ ಮೇಜಿನ ಮೇಲೆ ಗುಲಾಮ, ಐದು, ನಾಲ್ಕು ಬಿದ್ದವು. ಇಬ್ಬರೂ ಸರ್ವಸ್ವವನ್ನೂ ಪಣಕ್ಕಿಟ್ಟರು. ಕೊನೆಯ ಎಲೆಯಾಗಿ ಮತ್ತೊಂದು ಐದು ಬಂದು, 25 ಲಕ್ಷ ಡಾಲರ್ ಬಹುಮಾನ ಮನಿಮೇಕರ್ ಪಾಲಾಯಿತು.

ದುರ್ಬಲ ಎಲೆಗಳೂ ಹೀಗೆ ವಿಶ್ವ ಪಟ್ಟ ತಂದುಕೊಡಬಲ್ಲವಾದರೆ, ಪೋಕರ್ ಪುಸ್ತಕಗಳಲ್ಲಿ ಮೊದಲೆರಡು ಎಲೆಗಳಿಗೆ ದರ್ಜೆ ನಿಗದಿಪಡಿಸಿ ಪುಟಗಟ್ಟಲೆ ಪಟ್ಟಿ ಮಾಡಿರುವುದೇಕೆ? ಆ ಪಟ್ಟಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಟೆಕ್ಸಾಸ್ ಹೋಲ್ಡೆಮ್ ಎಂಬ ಈ ಆಟದ ತಿರುಳು ಬಹುಪಾಲು ಈ ಎರಡು ಪ್ರಶ್ನೆಗಳಲ್ಲೇ ಅಡಗಿದೆ.

ಆಟದ ನಿಯಮ ಸರಳವಾದುದು. ಪ್ರತಿಯೊಬ್ಬರಿಗೂ ಎರಡು ಎಲೆಗಳನ್ನು ಗುಪ್ತವಾಗಿ ಹಂಚಲಾಗುತ್ತದೆ. ಪೋಕರ್ ಪರಿಭಾಷೆಯಲ್ಲಿ ಇದೇ ಆರಂಭಿಕ 'ಕೈ'. ಒಂದು ಸುತ್ತು ಪಣ ಮುಗಿದ ಬಳಿಕ ಎಲ್ಲರಿಗೂ ಸಲ್ಲುವ ಮೂರು ಎಲೆಗಳನ್ನು ಮೇಜಿನ ಮೇಲೆ ತೆರೆದಿಡುತ್ತಾರೆ. ಅನಂತರ ಮತ್ತೊಂದು, ಕೊನೆಗೆ ಇನ್ನೊಂದು. ನಡುನಡುವೆ ಪಣದ ಸುತ್ತುಗಳಿರುತ್ತವೆ. ಒಟ್ಟು ಏಳರಲ್ಲಿ ಅತ್ಯುತ್ತಮವಾದ ಐದು ಎಲೆ ಯಾರದೋ ಅವರಿಗೆ ಜಯ. ಎದುರಾಳಿಗಳೆಲ್ಲರೂ ಹಿಂದೆ ಸರಿದರೆ ಎಲೆ ತೋರಿಸದೆಯೂ ಗೆಲ್ಲಬಹುದು. ಹಂಚುವ ಸ್ಥಾನದ ಎಡಕ್ಕಿರುವ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯ ಪಣ ಹಾಕಬೇಕು. ಉಳಿದವರು ಮೊದಲೆರಡು ಎಲೆಗಳನ್ನು ನೋಡಿ ಮುಂದುವರಿಯಬಹುದು ಅಥವಾ ಕಾಸು ಕಳೆದುಕೊಳ್ಳದೆ ಎಲೆ ಕೆಳಗಿಡಬಹುದು. ನಮ್ಮಲ್ಲಿ ತೀನ್ ಪತ್ತಿ ಆಡುವವರು 'ಪ್ಯಾಕ್' ಎನ್ನುವುದು ಇದನ್ನೇ.

1,326ರಿಂದ 169ಕ್ಕೆ

52 ಎಲೆಗಳಿಂದ ಎರಡನ್ನು 1,326 ವಿಧದಲ್ಲಿ ಆರಿಸಬಹುದು. ಆದರೆ ಮೇಜಿನ ಮೇಲೆ ಎಲೆ ಬೀಳುವ ಮುನ್ನ ಇಸ್ಪೀಟಿಗೂ ಆಟೀನಿಗೂ, ಡೈಮನ್ನಿಗೂ ಕಳಾವರಿಗೂ ಭೇದವಿಲ್ಲ. ಎರಡೂ ಎಲೆಗಳ ಚಿಹ್ನೆ ಒಂದೆಯೇ, ಬೇರೆಯೇ ಎಂಬುದಷ್ಟೇ ಮುಖ್ಯ. ಹಾಗಾಗಿ ಲೆಕ್ಕಕ್ಕೆ ಸಿಗುವ ಬಗೆಗಳು 169 ಮಾತ್ರ: 13 ಜೋಡಿಗಳು, ಒಂದೇ ಚಿಹ್ನೆಯ 78, ಬೇರೆ ಬೇರೆ ಚಿಹ್ನೆಯ 78.

ಈ 169 ಬಗೆಗಳು ಸಮಾನವಾಗಿ ಕೈಗೆ ಬರುವುದಿಲ್ಲ ಎಂಬುದು ಗಮನಾರ್ಹ. ಯಾವುದೇ ಒಂದು ಜೋಡಿ ಆರು ರೀತಿಯಲ್ಲಿ, ಒಂದೇ ಚಿಹ್ನೆಯ ನಿರ್ದಿಷ್ಟ ಕೈ ನಾಲ್ಕು ರೀತಿಯಲ್ಲಿ, ಬೇರೆ ಚಿಹ್ನೆಯದು 12 ರೀತಿಯಲ್ಲಿ ಬರಬಹುದು. ಪಟ್ಟಿಯ ತುತ್ತತುದಿಯಲ್ಲಿರುವ ಎಕ್ಕದ ಜೋಡಿ ಸಿಗುವುದು 221 ಹಂಚಿಕೆಗಳಿಗೆ ಒಮ್ಮೆ. ಗಂಟೆಗೆ ಸುಮಾರು 30 ಬಾರಿ ಎಲೆ ಹಂಚುವ ಮೇಜಿನಲ್ಲಿ ಕುಳಿತವರು ಇದಕ್ಕಾಗಿ ಸರಾಸರಿ ಏಳು ಗಂಟೆಗೂ ಹೆಚ್ಚು ಕಾಯಬೇಕು. ಎಕ್ಕ, ರಾಜ, ರಾಣಿ ಈ ಮೂರು ಜೋಡಿಗಳಲ್ಲಿ ಯಾವುದಾದರೂ ಒಂದಕ್ಕಾಗಿ ಕಾದರೂ 74 ಹಂಚಿಕೆಗಳಿಗೊಮ್ಮೆ ಎಂಬ ಲೆಕ್ಕವಾಗುತ್ತದೆ. ಅಷ್ಟು ಹೊತ್ತು ಕೈಕಟ್ಟಿ ಕೂರುವ ತಾಳ್ಮೆ ಬಹುಪಾಲು ಮಂದಿಗೆ ಇರುವುದಿಲ್ಲ. ಹಣ ಸೋರುವುದು ಅಲ್ಲಿಯೇ.

ಯಾವುದೋ ಒಂದು ಅಜ್ಞಾತ ಕೈಯ ಎದುರು, ಐದೂ ಎಲೆಗಳು ಬೀಳುವವರೆಗೆ ಆಡಿದರೆ ಎಕ್ಕದ ಜೋಡಿ ಶೇ 85ರಷ್ಟು ಗೆಲ್ಲುತ್ತದೆ. ರಾಜರ ಜೋಡಿ ಶೇ 82, ರಾಣಿಯರ ಜೋಡಿ ಶೇ 80. ಒಂದೇ ಚಿಹ್ನೆಯ ಎಕ್ಕ-ರಾಜಕ್ಕೆ ಶೇ 67. ಎರಡರ ಜೋಡಿ ಶೇ 50ರ ಆಸುಪಾಸಿನಲ್ಲಿದೆ. ತಳದಲ್ಲಿ ಬೇರೆ ಚಿಹ್ನೆಯ ಮೂರು-ಎರಡು, ಶೇ 32.

ಇಲ್ಲಿ ಒಂದು ಸೋಜಿಗವಿದೆ. ಪೋಕರ್ ಆಡುವವರನ್ನು ಕೇಳಿದರೆ ಅತಿ ಕೆಟ್ಟ ಕೈ ಯಾವುದೆಂಬುದಕ್ಕೆ ಮೂರು-ಎರಡು ಎನ್ನದೆ ಏಳು-ಎರಡು ಎನ್ನುತ್ತಾರೆ. ಇಬ್ಬರೇ ಆಡುವಾಗ ಏಳು ಎಂಬ ತುಸು ದೊಡ್ಡ ಎಲೆ ಕೆಲವೊಮ್ಮೆ ಕೈ ಹಿಡಿಯುತ್ತದೆ. ಆದರೆ ಒಂಬತ್ತು ಹತ್ತು ಮಂದಿ ಕುಳಿತ ಮೇಜಿನಲ್ಲಿ ಅಷ್ಟು ಸಣ್ಣ ಎಲೆಯಿಂದ ಪ್ರಯೋಜನ ಕಡಿಮೆ. ಮೇಲಾಗಿ ಏಳನ್ನೂ ಎರಡನ್ನೂ ಸೇರಿಸಿ ಐದು ಎಲೆಗಳ ಸರಣಿ ಕಟ್ಟಲು ಸಾಧ್ಯವೇ ಇಲ್ಲ, ಮೂರು-ಎರಡರಿಂದ ಸಾಧ್ಯ.

ಚಿಹ್ನೆಯ ವಿಷಯದಲ್ಲೂ ಹೊಸಬರು ಎಡವುವುದುಂಟು. ಎರಡೂ ಕಳಾವರ್ ಎಲೆಗಳೆಂಬ ಒಂದೇ ಕಾರಣಕ್ಕೆ ಕೈ ಬಿಡಲು ಮನಸ್ಸಾಗುವುದಿಲ್ಲ. ವಾಸ್ತವದಲ್ಲಿ ಒಂದೇ ಚಿಹ್ನೆಯ ಕೈಯಿಂದ ಕೊನೆಗೆ ಅದೇ ಚಿಹ್ನೆಯ ಐದು ಎಲೆ ಕೂಡುವುದು ಶೇ 6ರಿಂದ 7ರಷ್ಟು ಬಾರಿ ಮಾತ್ರ. ಎಕ್ಕ-ರಾಜ ಬೇರೆ ಚಿಹ್ನೆಯವಾಗಿದ್ದರೆ ಶೇ 65, ಒಂದೇ ಆಗಿದ್ದರೆ ಶೇ 67. ಲಾಭ ಇಷ್ಟೇ.

ಸ್ಕ್ಲಾನ್ಸ್ಕಿ ಗುಂಪು, ಚೆನ್ ಸೂತ್ರ

ಆರಂಭಿಕ ಕೈಗಳನ್ನು ಮೊದಲಿಗೆ ವ್ಯವಸ್ಥಿತವಾಗಿ ಗುಂಪು ಮಾಡಿದವರು ಅಮೆರಿಕದ ಡೇವಿಡ್ ಸ್ಕ್ಲಾನ್ಸ್ಕಿ. ಅವರ ಹೋಲ್ಡೆಮ್ ಕುರಿತ ಮೊದಲ ಪುಸ್ತಕ ಹೊರಬಂದದ್ದು 1976ರಲ್ಲಿ. ಅನಂತರ ಮೇಸನ್ ಮಾಲ್ಮತ್ ಜತೆಗೂಡಿ 1988ರಲ್ಲಿ ಪ್ರಕಟಿಸಿದ ಪುಸ್ತಕದ ಎಂಟು ಗುಂಪುಗಳ ಪಟ್ಟಿ ಬಹುಕಾಲ ಆಟಗಾರರ ಕೈಪಿಡಿಯಾಗಿತ್ತು. ಎಕ್ಕ, ರಾಜ, ರಾಣಿ, ಗುಲಾಮರ ಜೋಡಿಗಳು ಮತ್ತು ಒಂದೇ ಚಿಹ್ನೆಯ ಎಕ್ಕ-ರಾಜ ಮೊದಲ ಗುಂಪಿನಲ್ಲಿವೆ. ಎರಡರ ಜೋಡಿ ಏಳನೇ ಗುಂಪಿನಲ್ಲಿದೆ. ಏಳು-ಎರಡಕ್ಕೆ ಯಾವ ಗುಂಪಿನಲ್ಲೂ ಸ್ಥಾನವಿಲ್ಲ. ಪ್ರತಿ ಸುತ್ತಿನ ಪಣಕ್ಕೆ ಮಿತಿಯಿರುವ ಆಟಕ್ಕಾಗಿ ಈ ಪಟ್ಟಿ ಸಿದ್ಧವಾಗಿತ್ತು ಎಂಬುದನ್ನು, ಮಿತಿಯಿಲ್ಲದ ಆಟಕ್ಕೂ ಇದನ್ನೇ ಅನ್ವಯಿಸುವ ಅನೇಕರು ಮರೆಯುತ್ತಾರೆ.

ಪಟ್ಟಿ ಬಾಯಿಪಾಠ ಮಾಡಲು ಒಲ್ಲದವರಿಗೆ ಗಣಿತಜ್ಞ ಹಾಗೂ ಪೋಕರ್ ಆಟಗಾರ ಬಿಲ್ ಚೆನ್ ಬೆರಳೆಣಿಕೆಯ ಸೂತ್ರವೊಂದನ್ನು ನೀಡಿದ್ದಾರೆ. ಎರಡರಲ್ಲಿ ದೊಡ್ಡ ಎಲೆಗೆ ಅಂಕ: ಎಕ್ಕಕ್ಕೆ 10, ರಾಜನಿಗೆ 8, ರಾಣಿಗೆ 7, ಗುಲಾಮನಿಗೆ 6; ಹತ್ತು ಮತ್ತು ಅದಕ್ಕಿಂತ ಕೆಳಗಿನ ಎಲೆಗಳಿಗೆ ಅವುಗಳ ಅರ್ಧ. ಜೋಡಿಯಾದರೆ ಅಂಕ ಇಮ್ಮಡಿ, ಆದರೆ ಐದಕ್ಕಿಂತ ಕಡಿಮೆ ಇರದು. ಚಿಹ್ನೆ ಒಂದೇ ಆದರೆ 2 ಸೇರಿಸಬೇಕು. ಎಲೆಗಳ ನಡುವೆ ಒಂದು ಅಂಕಿ ಬಿಟ್ಟಿದ್ದರೆ 1, ಎರಡಾದರೆ 2, ಮೂರಾದರೆ 4, ಅದಕ್ಕೂ ಹೆಚ್ಚಾದರೆ 5 ಕಳೆಯಬೇಕು. ಎರಡೂ ರಾಣಿಗಿಂತ ಕೆಳಗಿನ ಎಲೆಗಳಾಗಿದ್ದು, ಅಕ್ಕಪಕ್ಕದವು ಅಥವಾ ಒಂದೇ ಅಂಕಿ ಬಿಟ್ಟವಾದರೆ 1 ಸೇರಿಸಬೇಕು. ಜೋಡಿಗಳಿಗೆ ಇದು ಅನ್ವಯಿಸುವುದಿಲ್ಲ. ಅರ್ಧ ಅಂಕ ಉಳಿದರೆ ಮೇಲಕ್ಕೆ ಎಣಿಸುವುದು ರೂಢಿ.

ಈ ಪ್ರಕಾರ ಎಕ್ಕದ ಜೋಡಿಗೆ 20; ಒಂದೇ ಚಿಹ್ನೆಯ ಎಕ್ಕ-ರಾಜಕ್ಕೆ 12; ಒಂದೇ ಚಿಹ್ನೆಯ ಗುಲಾಮ-ಹತ್ತಕ್ಕೆ 9. ಬೇರೆ ಚಿಹ್ನೆಯ ಹತ್ತು-ಎರಡಕ್ಕೆ ಸೊನ್ನೆ. ಇದೇ ಹತ್ತು-ಎರಡಕ್ಕೆ ಪೋಕರ್ ಲೋಕದಲ್ಲಿ 'ಡಾಯ್ಲ್ ಬ್ರನ್ಸನ್' ಎಂಬ ಹೆಸರಿದೆ. 2023ರಲ್ಲಿ ನಿಧನರಾದ ಬ್ರನ್ಸನ್ 1976 ಮತ್ತು 1977ರಲ್ಲಿ ಸತತವಾಗಿ ವಿಶ್ವ ಪಟ್ಟ ಗೆದ್ದಾಗ ಎರಡೂ ವರ್ಷ ಕೊನೆಯ ಆಟದಲ್ಲಿ ಅವರ ಕೈಯಲ್ಲಿದ್ದುದು ಹತ್ತು ಮತ್ತು ಎರಡು. ಅದನ್ನು ಕಂಡು ಹತ್ತು-ಎರಡರ ಮೇಲೆ ಪಣ ಕಟ್ಟಿದವರ ಹೆಸರುಗಳು ಮಾತ್ರ ಯಾವ ದಾಖಲೆಯಲ್ಲೂ ಉಳಿದಿಲ್ಲ.

ಏಣಿ ಅಲುಗಾಡುವುದೆಲ್ಲಿ?

ಪಟ್ಟಿಯನ್ನು ಏಣಿಯಂತೆ ಭಾವಿಸಿ, ಮೇಲಿನ ಮೆಟ್ಟಿಲು ಯಾವಾಗಲೂ ಕೆಳಗಿನದನ್ನು ಸೋಲಿಸುತ್ತದೆ ಎಂದುಕೊಳ್ಳುವುದೇ ದೊಡ್ಡ ಪ್ರಮಾದ. ಎರಡರ ಜೋಡಿ, ಬೇರೆ ಚಿಹ್ನೆಯ ಎಕ್ಕ-ರಾಜ ಮತ್ತು ಒಂದೇ ಚಿಹ್ನೆಯ ಗುಲಾಮ-ಹತ್ತು ಈ ಮೂರನ್ನು ಪರಿಗಣಿಸಬಹುದು. ಎರಡರ ಜೋಡಿ ಎಕ್ಕ-ರಾಜವನ್ನು ಅಲ್ಪ ಅಂತರದಿಂದ ಸೋಲಿಸುತ್ತದೆ. ಎಕ್ಕ-ರಾಜ ಗುಲಾಮ-ಹತ್ತನ್ನು ಮಣಿಸುತ್ತದೆ. ಆದರೆ ಗುಲಾಮ-ಹತ್ತು, ಎರಡರ ಜೋಡಿಯ ಎದುರು ಮೇಲುಗೈ ಪಡೆಯುತ್ತದೆ. ಸರಣಿಯೋ ಒಂದೇ ಚಿಹ್ನೆಯ ಐದೆಲೆಯೋ ಕೂಡಿಬರುವ ದಾರಿಗಳು ಅದಕ್ಕೆ ಹೆಚ್ಚಿರುವುದೇ ಇದಕ್ಕೆ ಕಾರಣ. ಅಂದರೆ ಈ ಮೂರರಲ್ಲಿ ಮೊದಲನೆಯದು, ಕೊನೆಯದು ಎಂಬುದೇ ಇಲ್ಲ.

ಎದುರಾಳಿಗಳ ಸಂಖ್ಯೆ ಬದಲಾದರೂ ಬೆಲೆ ಬದಲಾಗುತ್ತದೆ. ಎಕ್ಕದ ಜೋಡಿಯ ಶೇ 85ರ ಬಲ, ಒಂಬತ್ತು ಎದುರಾಳಿಗಳು ಕೊನೆಯವರೆಗೂ ಉಳಿದರೆ ಶೇ 31ಕ್ಕೆ ಕುಸಿಯುತ್ತದೆ. ಒಬ್ಬ ಎದುರಾಳಿಯ ಮುಂದೆ ಬೇರೆ ಚಿಹ್ನೆಯ ಎಕ್ಕ-ರಾಜಕ್ಕೆ ಶೇ 65, ಒಂದೇ ಚಿಹ್ನೆಯ ಗುಲಾಮ-ಹತ್ತಕ್ಕೆ ಶೇ 57ರಷ್ಟು ಬಲವಿರುತ್ತದೆ. ಒಂಬತ್ತು ಮಂದಿಯ ಮುಂದೆ ಎರಡೂ ಶೇ 17ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ದೊಡ್ಡ ಜೋಡಿ ಹಿಡಿದವರು ಪಣ ಏರಿಸಿ ಗುಂಪು ಚದುರಿಸಲು ಯತ್ನಿಸುವುದು ಇದರಿಂದಲೇ.

ಇನ್ನೊಂದು ಅಪಾಯ, ನೋಡಲು ಚೆಂದವಾಗಿರುವ ಕೈಗಳದು. ಎಕ್ಕ-ರಾಣಿ ಹಿಡಿದವರ ಎದುರು ಎಕ್ಕ-ರಾಜ ಇದ್ದರೆ, ಮೇಜಿನ ಮೇಲೆ ಎಕ್ಕ ಬಿದ್ದಾಗ ಇಬ್ಬರಿಗೂ ಜೋಡಿಯಾಗುತ್ತದೆ. ಆದರೆ ಜತೆಗಿರುವ ರಾಣಿ ರಾಜನಿಗೆ ಶರಣಾಗುತ್ತಾಳೆ. ಹೀಗೆ ಎಕ್ಕ-ರಾಣಿ ಗೆಲ್ಲುವುದು ನಾಲ್ಕರಲ್ಲಿ ಒಂದರಷ್ಟು ಬಾರಿ ಮಾತ್ರ. ಅದೇ ಎಕ್ಕ-ರಾಜದ ಎದುರು ಒಂದೇ ಚಿಹ್ನೆಯ ಏಳು-ಆರು ಐದರಲ್ಲಿ ಎರಡು ಬಾರಿ ಗೆಲ್ಲುತ್ತದೆ. ಚೆನ್ ಸೂತ್ರದಲ್ಲಿ ಎಕ್ಕ-ರಾಣಿಗೆ 9, ಏಳು-ಆರಕ್ಕೆ 7 ಅಂಕ! ಕಡಿಮೆ ಎಲೆಯಿಂದ ಸೋತವರಿಗಿಂತ ಎರಡನೇ ದರ್ಜೆಯ ಎಲೆಯಿಂದ ಸೋತವರ ನಷ್ಟವೇ ದೊಡ್ಡದು. ಏಕೆಂದರೆ ಅವರು ತಾವು ಗೆಲ್ಲುತ್ತಿದ್ದೇವೆಂದೇ ಕೊನೆಯವರೆಗೆ ಹಣ ಸುರಿಯುತ್ತಾರೆ.

ಗುಲಾಮರ ಜೋಡಿಯ ಕಥೆಯೂ ಇಂಥದೇ. ಮೊದಲ ಗುಂಪಿನ ಕೈ ಹೌದು. ಆದರೆ ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆಗಳಲ್ಲಿ ಎಕ್ಕ, ರಾಜ ಅಥವಾ ರಾಣಿ ಕಾಣಿಸಿಕೊಳ್ಳುವ ಸಂಭವ ಶೇ 57. ಒಂಬತ್ತು ಎದುರಾಳಿಗಳಿದ್ದರೆ ಅವರಲ್ಲೊಬ್ಬರ ಬಳಿ ಇನ್ನೂ ದೊಡ್ಡ ಜೋಡಿ ಆಗಲೇ ಇರುವ ಸಂಭವ ಎಂಟರಲ್ಲಿ ಒಂದರಷ್ಟು.

ಕುಳಿತ ಜಾಗದ ಬೆಲೆ

ಒಂದೇ ಕೈ ಮೇಜಿನ ಒಂದು ಕುರ್ಚಿಯಲ್ಲಿ ಆಡಲು ಯೋಗ್ಯ, ಇನ್ನೊಂದರಲ್ಲಿ ಬಿಡಲು ಯೋಗ್ಯ. ಮೊದಲು ಮಾತಾಡಬೇಕಾದವರ ಹಿಂದೆ ಏಳೆಂಟು ಮಂದಿಯ ಎಲೆಗಳು ಗುಪ್ತವಾಗಿರುತ್ತವೆ. ಹಂಚುವ ಸ್ಥಾನದಲ್ಲಿರುವವರು ಮುಂದಿನ ಸುತ್ತುಗಳಲ್ಲಿ ಉಳಿದವರೆಲ್ಲರ ನಡೆ ಕಂಡ ಬಳಿಕ ತೀರ್ಮಾನಿಸುತ್ತಾರೆ. ನುರಿತ ಆಟಗಾರರು ಮೊದಲ ಸ್ಥಾನದಲ್ಲಿ ಹತ್ತರಲ್ಲಿ ಒಂದೆರಡು ಕೈಗಳನ್ನಷ್ಟೇ ಆಡಿ, ಹಂಚುವ ಸ್ಥಾನದಲ್ಲಿ ಅದರ ಎರಡು ಮೂರು ಪಟ್ಟು ಆಡುವುದು ಇದೇ ಕಾರಣಕ್ಕೆ.

ಕಂಪ್ಯೂಟರ್‌ಗಳೂ ಇದನ್ನೇ ಹೇಳಿವೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 'ಸೆಫಿಯಸ್' ಎಂಬ ತಂತ್ರಾಂಶದ ಮೂಲಕ, ಮಿತಿಯಿರುವ ಇಬ್ಬರ ಹೋಲ್ಡೆಮ್ ಆಟವನ್ನು ಬಹುತೇಕ ಪೂರ್ಣವಾಗಿ ಬಿಡಿಸಿರುವುದಾಗಿ 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಹಂಚುವ ಸ್ಥಾನಕ್ಕೆ ಗಣನೀಯ ಅನುಕೂಲವಿದೆ ಎಂಬ ಹಳೆಯ ನಂಬಿಕೆಗೆ ಅಲ್ಲಿ ಲೆಕ್ಕದ ಮುದ್ರೆ ಬಿತ್ತು. 2019ರಲ್ಲಿ 'ಪ್ಲೂರಿಬಸ್' ಎಂಬ ತಂತ್ರಾಂಶ ಮಿತಿಯಿಲ್ಲದ ಆರು ಮಂದಿಯ ಆಟದಲ್ಲೂ ವೃತ್ತಿಪರರನ್ನು ಸೋಲಿಸಿತು.

ನ್ಯಾಯಾಲಯದ ಮುಂದೆ ಎಲೆಗಳು

ಎಲೆ ಬೀಳುವುದು ಅದೃಷ್ಟ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಕೌಶಲ. ಭಾರತದಲ್ಲಿ ಈ ಭೇದ ಕಾನೂನಿನ ಪ್ರಶ್ನೆಯೂ ಹೌದು. ರಮ್ಮಿಯಲ್ಲಿ ಎಲೆಗಳನ್ನು ನೆನಪಿಡುವುದಕ್ಕೂ, ಇಟ್ಟುಕೊಳ್ಳುವ ಮತ್ತು ಬಿಸಾಡುವ ತೀರ್ಮಾನಕ್ಕೂ ಜಾಣ್ಮೆ ಬೇಕೆಂಬ ಕಾರಣದಿಂದ ಅದು ಪ್ರಧಾನವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಪಿತ್ತಿತ್ತು; ಮೂರೆಲೆ ಆಟವನ್ನು ಈ ಸಾಲಿನಿಂದ ಹೊರಗಿಟ್ಟಿತ್ತು. ಪೋಕರ್ ಎರಡರ ನಡುವೆ ಸಿಕ್ಕಿಕೊಂಡಿತು. ಕೌಶಲದ ಆಟವಾಗಿ ಆಡುವುದಾದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದರೆ, ಗುಜರಾತ್ ಹೈಕೋರ್ಟ್ 2017ರಲ್ಲಿ ಅದನ್ನು ಜೂಜೆಂದೇ ಪರಿಗಣಿಸಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಚರ್ಚೆಯನ್ನೇ ಬದಿಗಿರಿಸಿದೆ. ಹಣ ಪಣಕ್ಕಿಟ್ಟ ಆನ್‌ಲೈನ್ ಆಟ ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ, ಅದನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ, ಆಡುವವರಿಗೆ ಶಿಕ್ಷೆಯಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ವಿವಿಧ ಹೈಕೋರ್ಟ್‌ಗಳಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.