ವ್ಯಾಟ್ ಹೆಚ್ಚಿದಷ್ಟೂ ಸದ್ದು ಹೆಚ್ಚುವುದೇ?

ಕಾಸರಗೋಡು ಕಡೆಯ ಮನೆಗಳಲ್ಲಿ ಯಕ್ಷಗಾನದ ಧ್ವನಿಮುದ್ರಿಕೆ ಹಾಕಿದಾಗ ಭಾಗವತರ ಪದ ಚೆನ್ನಾಗಿಯೇ ಕೇಳುತ್ತದೆ. ವಾಲ್ಯೂಮ್ ಏರಿಸಿದರೆ ಮಾತ್ರ ಚೆಂಡೆಯ ಪೆಟ್ಟು ಒಡೆದು ಕೇಳುವುದುಂಟು. ಹೆಚ್ಚಾಗಿ, ಆಂಪ್ಲಿಫೈಯರಿನ ಶಕ್ತಿ ಅಲ್ಲಿಗೆ ಮುಗಿಯಿತೆಂದೇ ಇದರ ಅರ್ಥ. ಹಾಗೆಯೇ ನುಡಿಸುತ್ತ ಹೋದರೆ ಸ್ಪೀಕರಿನೊಳಗಿನ ಟ್ವೀಟರ್ ಸುಟ್ಟುಹೋಗಬಹುದು.

ಹಾಗೆಂದು 50 ವ್ಯಾಟಿನ ಬದಲು 100 ವ್ಯಾಟಿನದನ್ನು ಕೊಂಡರೆ ಸದ್ದು ಇಮ್ಮಡಿಯಾಗದು. ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಪಟ್ಟು ಶಕ್ತಿ ಬೇಕು. ಸೆನ್ಸಿಟಿವಿಟಿ 87 ಡೆಸಿಬೆಲ್ ಇರುವ ಸ್ಪೀಕರಿನ ಬದಲು 90 ಡೆಸಿಬೆಲಿನದಿದ್ದರೆ ಅರ್ಧ ಶಕ್ತಿಯಲ್ಲೇ ಅಷ್ಟು ಸದ್ದು ಸಿಗುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಪಿ.ಎಂ.ಪಿ.ಒ. ಅಂಕಿಗೆ ಮರುಳಾಗದೆ ಆರ್.ಎಂ.ಎಸ್. ವ್ಯಾಟ್ ಎಷ್ಟೆಂದು ಕೇಳಬೇಕು. ಸ್ಪೀಕರ್ 4 ಓಮ್‌ನದಾಗಿದ್ದರೆ ಆಂಪ್ಲಿಫೈಯರ್ ಅದಕ್ಕೆ ಹೊಂದುವುದೇ ಎಂದು ನೋಡಬೇಕು. ಹೊಂದದಿದ್ದರೆ ಅದು ಬಿಸಿಯೇರಿ ಕೆಡಬಹುದು. ಸ್ಪೀಕರ್ ತಾಳುವುದಕ್ಕಿಂತ ಆಂಪ್ಲಿಫೈಯರ್ ತುಸು ದೊಡ್ಡದಿದ್ದರೂ ಅಡ್ಡಿಯಿಲ್ಲ, ವಾಲ್ಯೂಮ್ ಹಿಡಿತದಲ್ಲಿರಬೇಕಷ್ಟೆ.

ಸಾಧ್ಯವಾದರೆ ಮನೆಯ ಸ್ಪೀಕರನ್ನೇ ಅಂಗಡಿಗೆ ಒಯ್ದು, ಹೊಸ ಆಂಪ್ಲಿಫೈಯರಿಗೆ ಜೋಡಿಸಿ, ಅದೇ ಪದ ಹಾಕಿಸಿ ಕೇಳುವುದು ಒಳಿತು. ಆಗಲೂ ಚೆಂಡೆ ಒಡೆದರೆ ದೋಷ ಸ್ಪೀಕರಿನದೋ ಧ್ವನಿಮುದ್ರಿಕೆಯದೋ ಆಗಿರಬಹುದು. ಆಂಪ್ಲಿಫೈಯರಿಗೆ ಹಣ ಸುರಿದು ಫಲವಿಲ್ಲ.