ಗೋಳಗುಚ್ಛಗಳೂ ಆಕಾಶಗಂಗೆಯ ಜನನವೃತ್ತಾಂತವೂ

ಆಕಾಶಗಂಗೆಯು ಒಂದೇ ಮಹಾಮೇಘವು ಕುಸಿದು ಹುಟ್ಟಿತೇ, ಅಥವಾ ಅನೇಕ ಸಣ್ಣ ಗ್ಯಾಲಕ್ಸಿಗಳನ್ನು ಸೇರಿಸಿಕೊಂಡು ಬೆಳೆಯಿತೇ? ಈ ಪ್ರಶ್ನೆಗೆ ಗೋಳಗುಚ್ಛಗಳು ಮುಖ್ಯ ಸಾಕ್ಷಿಗಳಾಗಿವೆ. ಲಕ್ಷಾಂತರ ತಾರೆಗಳು ಪರಸ್ಪರ ಗುರುತ್ವಾಕರ್ಷಣೆಯಿಂದ ಗೋಳಾಕಾರವಾಗಿ ನೆರೆದಿರುವ ಸಮೂಹವೇ ಗೋಳಗುಚ್ಛ. ನಮ್ಮ ಆಕಾಶಗಂಗೆಯಲ್ಲಿ ಇಂಥವು 150ಕ್ಕೂ ಹೆಚ್ಚು ತಿಳಿದುಬಂದಿವೆ. ಇವುಗಳಲ್ಲೆಲ್ಲ ಉಜ್ಜ್ವಲವಾದ ಒಮೇಗಾ ಸೆಂಟಾರಿಯು ಮೇ ತಿಂಗಳ ರಾತ್ರಿಗಳಲ್ಲಿ ಲಿಂಗರಾಜಪುರದ ದಕ್ಷಿಣ ದಿಗಂತದಿಂದ ಸುಮಾರು 30 ಡಿಗ್ರಿಯಷ್ಟು ಮೇಲೇರುತ್ತದೆ. ಆದರೆ ನಗರದ ದೀಪಪ್ರಭೆಯಲ್ಲಿ ಅದನ್ನು ಬರಿಗಣ್ಣಿನಿಂದ ಗುರುತಿಸುವುದು ದುಸ್ಸಾಧ್ಯ.

ಗುಚ್ಛವೊಂದರ ತಾರೆಗಳು ಬಹುಮಟ್ಟಿಗೆ ಒಂದೇ ಕಾಲದಲ್ಲಿ ಹುಟ್ಟಿದವು. ಹೆಚ್ಚು ದ್ರವ್ಯರಾಶಿಯುಳ್ಳವು ತಮ್ಮ ಗರ್ಭದ ಜಲಜನಕವನ್ನು ಬೇಗನೆ ವ್ಯಯಮಾಡಿ ಉಬ್ಬುತ್ತವೆ. ಆದುದರಿಂದ ಇನ್ನೂ ಆ ಸ್ಥಿತಿಯನ್ನು ತಲಪದ ತಾರೆಗಳಲ್ಲಿ ಅತ್ಯುಜ್ಜ್ವಲವಾದವು ಯಾವುವೆಂದು ಕಂಡುಕೊಂಡರೆ ಗುಚ್ಛದ ವಯಸ್ಸು ತಿಳಿಯುತ್ತದೆ. ರೋಹಿತದಿಂದ ಕಬ್ಬಿಣವೇ ಮೊದಲಾದ ಭಾರಧಾತುಗಳ ಪ್ರಮಾಣವು ತಿಳಿಯುತ್ತದೆ. ದೊಡ್ಡ ಗ್ಯಾಲಕ್ಸಿಯಲ್ಲಿ ಈ ಧಾತುಗಳು ತ್ವರಿತವಾಗಿಯೂ ಸಣ್ಣದರಲ್ಲಿ ಮಂದವಾಗಿಯೂ ಹೆಚ್ಚುತ್ತವೆ. ಸಮಾನ ಧಾತುಪ್ರಮಾಣದ ಎರಡು ಗುಚ್ಛಗಳಲ್ಲಿ ಒಂದು ಗಣನೀಯವಾಗಿ ಕಿರಿಯದಾಗಿದ್ದರೆ, ಅದು ಸಣ್ಣ ಗ್ಯಾಲಕ್ಸಿಯಲ್ಲಿ ಜನಿಸಿ ತರುವಾಯ ನಮ್ಮದನ್ನು ಸೇರಿತೆಂದು ಊಹಿಸಲು ಆಧಾರವಿದೆ.

1962ರಲ್ಲಿ ಎಗ್ಗೆನ್, ಲಿಂಡೆನ್-ಬೆಲ್ ಮತ್ತು ಸ್ಯಾಂಡೇಜ್ ಇವರು ತಾರೆಗಳ ಚಲನೆಯನ್ನು ಪರಿಶೀಲಿಸಿ ಏಕಮೇಘವಾದವನ್ನು ಮಂಡಿಸಿದರು. 1978ರಲ್ಲಿ ಸರ್ಲ್ ಮತ್ತು ಝಿನ್ ಹೊರವಲಯದ ಗುಚ್ಛಗಳನ್ನು ಪರೀಕ್ಷಿಸಿ, ಕೇಂದ್ರದಿಂದ ದೂರ ಹೋದಂತೆ ಧಾತುಪ್ರಮಾಣವು ಕ್ರಮವಾಗಿ ಇಳಿಯದಿರುವುದನ್ನು ಕಂಡು, ಬಿಡಿ ಖಂಡಗಳು ಕೂಡಿದುವೆಂದು ವಾದಿಸಿದರು. 1994ರಲ್ಲಿ ಧನುರಾಶಿಯ ದಿಕ್ಕಿನಲ್ಲಿ, ಆಕಾಶಗಂಗೆಯು ಇಂದಿಗೂ ಹರಿದು ಕಬಳಿಸುತ್ತಿರುವ ಕುಬ್ಜ ಗ್ಯಾಲಕ್ಸಿಯೊಂದು ಪತ್ತೆಯಾಯಿತು. ಎಂ54 ಎಂಬ ಗುಚ್ಛವು ಅದರ ಮಧ್ಯದಲ್ಲಿಯೇ ಇದೆ. ಗಯಾ ಉಪಗ್ರಹದ ಮಾಪನಗಳಿಂದ, ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ನಡೆದ ಇನ್ನೊಂದು ಮಹಾವಿಲೀನವು 2018ರಲ್ಲಿ ವ್ಯಕ್ತವಾಯಿತು. ಒಮೇಗಾ ಸೆಂಟಾರಿಯ ತಾರೆಗಳಲ್ಲಿ ಧಾತುಪ್ರಮಾಣವು ಏಕರೂಪವಾಗಿಲ್ಲ. ಅದು ನುಂಗಲ್ಪಟ್ಟ ಗ್ಯಾಲಕ್ಸಿಯೊಂದರ ತಿರುಳೆಂಬುದು ಅನೇಕರ ಮತ.

ಈ ವಾದವೆಲ್ಲವೂ ವಯಸ್ಸಿನ ಗಣನೆಯನ್ನು ಅವಲಂಬಿಸಿದೆ. ದೂರದ ಗ್ಯಾಲಕ್ಸಿಗಳ ಗುಚ್ಛಗಳಲ್ಲಿ ತಾರೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಕೆಲವು ಅತ್ಯುಷ್ಣ ವೃದ್ಧತಾರೆಗಳ ನೀಲಪ್ರಭೆಯು ಹಳೆಯ ಗುಚ್ಛವನ್ನು ಕಿರಿಯದೆಂದು ತೋರಿಸಬಲ್ಲುದು. ಈ ಭ್ರಾಂತಿಯನ್ನು ನಿವಾರಿಸಲು ಸಮೀಪದ ಗುಚ್ಛಗಳನ್ನು ಅತಿನೇರಳೆ ಬೆಳಕಿನಲ್ಲಿ ತಾರೆತಾರೆಯಾಗಿ ಪರೀಕ್ಷಿಸಬೇಕು. 2015ರ ಸೆಪ್ಟೆಂಬರ್ 28ರಂದು ಉಡಾವಣೆಗೊಂಡ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವು ಇದಕ್ಕೆ ನೆರವಾಗಿದೆ. ಅದನ್ನು ಜೋಡಿಸಿದುದು ಲಿಂಗರಾಜಪುರದಿಂದ ಕೃಷ್ಣರಾಜಪುರದ ಮಾರ್ಗವಾಗಿ ಪೂರ್ವಕ್ಕೆ ಸಾಗಿದರೆ ಸಿಗುವ ಹೊಸಕೋಟೆಯಲ್ಲಿ, ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ. ಸಮೀಪದ ಗುಚ್ಛಗಳನ್ನು ಸರಿಯಾಗಿ ಓದಬಲ್ಲೆವಾದರೆ ಮಾತ್ರ ದೂರದವುಗಳಿಂದ ಇತರ ಗ್ಯಾಲಕ್ಸಿಗಳ ಇತಿಹಾಸವನ್ನು ನಾವು ನಂಬಿಕೆಯಿಂದ ಬರೆಯಬಹುದು.