ರನ್‌ವೇ ಇದ್ದಲ್ಲಿ ಬೀದಿ, ದಾರಿ ಇದ್ದಲ್ಲಿ ರನ್‌ವೇ

ಬೆಂಗಳೂರಿನ ದೊಮ್ಮಲೂರು ದಾಟಿ ಮಾರತ್‌ಹಳ್ಳಿ ಕಡೆಗೆ ಸಾಗುವ ರಸ್ತೆಗೆ ಇವತ್ತಿಗೂ ಹಳೆ ಏರ್‌ಪೋರ್ಟ್ ರಸ್ತೆ ಎಂದೇ ಹೆಸರು. ಎಚ್‌ಎಎಲ್ ನಿಲ್ದಾಣದಿಂದ ನಿಗದಿತ ಪ್ರಯಾಣಿಕ ವಿಮಾನಗಳ ಸಂಚಾರ ನಿಂತದ್ದು 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ಹೊಸ ನಿಲ್ದಾಣ ಬಾಗಿಲು ತೆರೆದಾಗ. ಚಿತ್ರದುರ್ಗ, ಹಿರಿಯೂರು ಕಡೆಯವರು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯೂ ಅಂದೇ ಬದಲಾಯಿತು. ಅಲ್ಲಿಯವರೆಗೆ ತುಮಕೂರು ಹಾದು ಯಶವಂತಪುರದ ಮೂಲಕ ಇಡೀ ಬೆಂಗಳೂರನ್ನು ಸೀಳಿಕೊಂಡು ಹೋಗಬೇಕಿತ್ತು. ಈಗ ದಾಬಸ್‌ಪೇಟೆಯಲ್ಲೇ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುತ್ತಾರೆ.

ಪ್ರಯಾಣಿಕರು ಹೋದ ಮೇಲೆ ಆ ಜಾಗ ಏನಾಯಿತು? ಎಚ್‌ಎಎಲ್‌ನಲ್ಲಿ ಟರ್ಮಿನಲ್ ಮುಚ್ಚಿತು, ರನ್‌ವೇ ಮುಚ್ಚಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದಾಗ ಹುಟ್ಟಿದ ಹಾರುದಾಣ ಅದು. ತೇಜಸ್ ಯುದ್ಧವಿಮಾನಗಳೂ ಹೆಲಿಕಾಪ್ಟರ್‌ಗಳೂ ಅಲ್ಲಿ ಇಂದಿಗೂ ಪರೀಕ್ಷೆಗೆ ಹಾರುತ್ತವೆ. ಹಾಗಾಗಿ ಮೂರು ಕಿಲೋಮೀಟರಿಗೂ ಉದ್ದದ ಆ ರನ್‌ವೇಯ ಆಚೀಚೆ ಇರುವ ಬಡಾವಣೆಗಳು ಬಳಸುದಾರಿಯಲ್ಲೇ ಒಂದನ್ನೊಂದು ತಲುಪುತ್ತವೆ. ವಿಮಾನ ನಿಲ್ದಾಣದ ಸ್ವಭಾವವೇ ಹಾಗೆ. ರೈಲು ಹಳಿಯನ್ನು ಗೇಟ್ ಹಾಕಿ ದಾಟಬಹುದು, ಹೊಳೆಗೆ ಸೇತುವೆ ಕಟ್ಟಬಹುದು. ರನ್‌ವೇಯನ್ನು ಮಾತ್ರ ಯಾವ ಬೀದಿಯೂ ಸುಲಭವಾಗಿ ದಾಟುವಂತಿಲ್ಲ.

ಆದ್ದರಿಂದಲೇ ಎಲ್ಲಿ ನಿಲ್ದಾಣ ನಿಜವಾಗಿಯೂ ಖಾಲಿಯಾಯಿತೋ ಅಲ್ಲಿ ನಗರ ಯೋಜಕರ ಮುಂದೆ ಬರುವ ಮೊದಲ ಪ್ರಶ್ನೆ ಕಟ್ಟಡದ್ದಲ್ಲ, ದಾರಿಯದು. ಹತ್ತಾರು ವರ್ಷಗಳ ಹಿಂದೆ ಕತ್ತರಿಸಿಹೋದ ಬೀದಿಗಳನ್ನು ಎಲ್ಲೆಲ್ಲಿ ಕೂಡಿಸಬೇಕು, ಎಷ್ಟು ಜಾಗವನ್ನು ಯಾರಿಗೂ ಮಾರದೆ ಎಲ್ಲರಿಗಾಗಿ ಉಳಿಸಬೇಕು ಎಂಬುದನ್ನು ಆಗಲೇ ತೀರ್ಮಾನಿಸಬೇಕಾಗುತ್ತದೆ.

ಅಮೆರಿಕದ ಡೆನ್ವರ್ ನಗರ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದೆ. ಅಲ್ಲಿನ ಸ್ಟೇಪಲ್ಟನ್ ವಿಮಾನ ನಿಲ್ದಾಣ ಶುರುವಾದದ್ದು 1929ರಲ್ಲಿ, ಮುಚ್ಚಿದ್ದು 1995ರ ಫೆಬ್ರುವರಿಯಲ್ಲಿ. ಜಾಗ ಸುಮಾರು 4,700 ಎಕರೆ. ನಿಲ್ದಾಣ ಮುಚ್ಚಿದ ವರ್ಷವೇ ನಾಗರಿಕರೂ ನಗರಾಡಳಿತವೂ ಕೂಡಿ ಒಂದು ಅಭಿವೃದ್ಧಿ ಯೋಜನೆ ಸಿದ್ಧಪಡಿಸಿದರು. ಹಸಿರು ಹೊದಿಕೆಯ ಆ ಪುಸ್ತಕ ಇಂದಿಗೂ ಅಲ್ಲಿ ಹಸಿರು ಪುಸ್ತಕವೆಂದೇ ಹೆಸರಾಗಿದೆ. ಪಕ್ಕದ ಹಳೆ ಬಡಾವಣೆಗಳ ಬೀದಿಗಳು ನಿಲ್ದಾಣದ ಬೇಲಿಗೆ ಬಂದು ನಿಂತಿದ್ದವಲ್ಲ, ಅವನ್ನೇ ಮುಂದಕ್ಕೆ ಎಳೆದರು. ಹೊಸ ಊರು ಹಳೆ ಊರಿನ ಬೀದಿಯ ಮುಂದುವರಿಕೆಯಾಗಿ ಬೆಳೆಯಿತು.

ರನ್‌ವೇಯ ಕಾಂಕ್ರೀಟನ್ನು ಏನು ಮಾಡುವುದು ಎಂಬುದು ಸಣ್ಣ ಸಮಸ್ಯೆಯಲ್ಲ. ವಿಮಾನದ ಭಾರ ತಡೆಯುವಂತೆ ಹಾಸಿದ ದಪ್ಪ ಚಪ್ಪಡಿಯದು, ಅದರ ಮೇಲೆ ಗರಿಕೆಯೂ ಬೆಳೆಯದು. ಡೆನ್ವರ್‌ನಲ್ಲಿ 60 ಲಕ್ಷ ಟನ್‌ಗೂ ಹೆಚ್ಚು ಕಾಂಕ್ರೀಟ್ ಮತ್ತು ಡಾಂಬರನ್ನು ಒಡೆದು, ಪುಡಿಮಾಡಿ, ಮತ್ತೆ ರಸ್ತೆ ಮತ್ತು ಕಟ್ಟಡ ಕಾಮಗಾರಿಗೆ ಬಳಸಿದರು. ರನ್‌ವೇಯ ಅಡಿಯಲ್ಲಿ ಕೊಳವೆಯೊಳಗೆ ಹರಿಯುತ್ತಿದ್ದ ವೆಸ್ಟರ್ಲಿ ಎಂಬ ಹಳ್ಳವನ್ನು ಮೇಲಕ್ಕೆ ತೆರೆದರು. ಅದರ ದಂಡೆ ಈಗ ಉದ್ಯಾನ; ಮಳೆ ಜೋರಾದಾಗ ನೀರು ನಿಲ್ಲುವ ತಗ್ಗೂ ಅದೇ. ವಿಮಾನಗಳಿಗೆ ಸಂಜ್ಞೆ ಕೊಡುತ್ತಿದ್ದ ಗೋಪುರವನ್ನು ಕೆಡವದೆ ಉಳಿಸಿಕೊಂಡರು. ಬಡಾವಣೆ ಪೂರ್ತಿಯಾಗಲು ದಶಕಗಳೇ ಹಿಡಿದವು, ಮನೆಗಳ ಬೆಲೆ ಸಾಮಾನ್ಯರ ಕೈಗೆ ಸಿಗದಷ್ಟು ಏರಿತು ಎಂಬ ದೂರೂ ಅಲ್ಲಿ ಇದೆ. ಆದರೆ ಬೀದಿ ಮತ್ತು ಹಳ್ಳದ ವಿಷಯದಲ್ಲಿ ಅವರು ಎಡವಲಿಲ್ಲ.

ಹಾಂಗ್‌ಕಾಂಗ್‌ನ ಕೈ ಟಾಕ್ ಕಥೆ ಬೇರೆ. ಸಮುದ್ರದೊಳಕ್ಕೆ ಚಾಚಿದ್ದ ಆ ರನ್‌ವೇಯಲ್ಲಿ ಕೊನೆಯ ವಿಮಾನಗಳು ಹಾರಿದ್ದು 1998ರ ಜುಲೈಯಲ್ಲಿ. ಕೊಲ್ಲಿಯನ್ನು ಇನ್ನಷ್ಟು ತುಂಬಿಸಿ ದೊಡ್ಡ ಊರು ಕಟ್ಟುವುದು ಸರ್ಕಾರದ ಮೊದಲ ಆಲೋಚನೆ. ಜನ ವಿರೋಧಿಸಿದರು. ಬಂದರಿನ ರಕ್ಷಣೆಗೆಂದು ಇದ್ದ ಕಾನೂನನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯ 2004ರಲ್ಲಿ ಎತ್ತಿಹಿಡಿದ ಮೇಲೆ ಸಮುದ್ರ ತುಂಬಿಸದೆಯೇ ಹೊಸ ನಕ್ಷೆ ಬರೆಯಬೇಕಾಯಿತು. 2008ರಲ್ಲಿ ನೆಲ ಅಗೆಯುವಾಗ ಹತ್ತೊಂಬತ್ತನೇ ಶತಮಾನದ ಕಲ್ಲಿನ ಸೇತುವೆಯೊಂದರ ಅವಶೇಷ ಸಿಕ್ಕಿತು. ಕೌಲೂನ್ ಕೋಟೆ ಊರಿನಿಂದ ಸಮುದ್ರದ ಕಟ್ಟೆಯವರೆಗೆ ಜನ ನಡೆದಾಡುತ್ತಿದ್ದ ಲುಂಗ್ ತ್ಸುನ್ ಸೇತುವೆ ಅದು. ವಿಮಾನ ನಿಲ್ದಾಣದ ಅಡಿಯಲ್ಲಿ ಹೂತುಹೋಗಿದ್ದ ಆ ಹಾದಿಯನ್ನು ಸಂರಕ್ಷಿಸಲು ಯೋಜಕರು ತಮ್ಮ ನಕ್ಷೆಯನ್ನೇ ತಿದ್ದಿ ಜಾಗ ಬಿಟ್ಟರು.

ಅದೇ ಕೈ ಟಾಕ್ ಒಂದು ಪಾಠವನ್ನೂ ದುಬಾರಿ ಬೆಲೆಗೆ ಕಲಿಸಿದೆ. ರನ್‌ವೇಯ ತುದಿಯಲ್ಲಿ ಪ್ರವಾಸಿ ಹಡಗುಗಳ ಟರ್ಮಿನಲ್ 2013ರಲ್ಲೇ ತೆರೆಯಿತು. ಕೈ ಟಾಕ್‌ನ ಮೆಟ್ರೊ ನಿಲ್ದಾಣ ಬಂದದ್ದು 2020ರಲ್ಲಿ, ಅದೂ ಟರ್ಮಿನಲ್‌ನಿಂದ ದೂರದಲ್ಲಿ. ನಡುವಿನ ಅಂತರಕ್ಕೆಂದು ಯೋಚಿಸಿದ್ದ ಎತ್ತರಿಸಿದ ರೈಲನ್ನು ಸರ್ಕಾರ ಅದೇ ವರ್ಷ ಕೈಬಿಟ್ಟಿತು. ಹಡಗಿನಿಂದ ಇಳಿದ ಸಾವಿರಾರು ಮಂದಿ ಟ್ಯಾಕ್ಸಿಗಾಗಿ ಸಾಲುಗಟ್ಟಿ ನಿಲ್ಲುವುದು ಅಲ್ಲಿ ಪದೇ ಪದೇ ಸುದ್ದಿಯಾಗಿದೆ. ಕಟ್ಟಡ ಮೊದಲು, ದಾರಿ ಆಮೇಲೆ ಎಂದರೆ ಆಗುವುದು ಇದೇ.

ಇವೆಲ್ಲಕ್ಕಿಂತ ಗಟ್ಟಿಯಾದ ಉದಾಹರಣೆ ಬರ್ಲಿನ್ನಿನದು. ಟೆಂಪಲ್‌ಹೋಫ್ ಮೂಲತಃ ಸೇನೆ ಕವಾಯತು ನಡೆಸುತ್ತಿದ್ದ ಬಯಲು. 1909ರಲ್ಲಿ ಆರ್ವಿಲ್ ರೈಟ್ ಅಲ್ಲಿ ವಿಮಾನ ಹಾರಿಸಿ ತೋರಿಸಿದ. 1923ರಲ್ಲಿ ಅದು ಅಧಿಕೃತ ನಿಲ್ದಾಣವಾಯಿತು. ಎರಡನೇ ಮಹಾಯುದ್ಧದ ನಂತರ, 1948–49ರಲ್ಲಿ, ಪಶ್ಚಿಮ ಬರ್ಲಿನ್ನಿಗೆ ನೆಲದ ದಾರಿಗಳನ್ನೆಲ್ಲ ಸೋವಿಯತ್ ಒಕ್ಕೂಟ ಬಂದ್ ಮಾಡಿದಾಗ ಹಿಟ್ಟು, ಕಲ್ಲಿದ್ದಲು, ಔಷಧ ಹೊತ್ತ ವಿಮಾನಗಳಲ್ಲಿ ಬಹಳಷ್ಟು ಇಳಿದದ್ದು ಇಲ್ಲಿಗೆ. ಆ ಊರಿನವರಿಗೆ ಅದು ಅನ್ನ ಕೊಟ್ಟ ನೆಲ. 2008ರ ಅಕ್ಟೋಬರ್ 30ರಂದು ನಿಲ್ದಾಣ ಮುಚ್ಚಿತು. 2010ರ ಮೇಯಲ್ಲಿ ಬೇಲಿಯ ಬಾಗಿಲನ್ನು ಸಾರ್ವಜನಿಕರಿಗೆ ತೆರೆದರು. 300 ಹೆಕ್ಟೇರಿಗೂ ಹೆಚ್ಚು, ಅಂದರೆ ಸುಮಾರು 750 ಎಕರೆಯ ಬಯಲು ಊರಿನ ನಡುವೆ ತೆರೆದುಕೊಂಡಿತು.

ನಗರಾಡಳಿತ ಅಲ್ಲಿ ದೊಡ್ಡದೇನನ್ನೂ ಕಟ್ಟಲಿಲ್ಲ. ರನ್‌ವೇಗಳನ್ನು ಹಾಗೇ ಬಿಟ್ಟಿತು. ಮಕ್ಕಳು ಸೈಕಲ್ ಕಲಿತರು, ಗಾಳಿಪಟ ಹಾರಿಸಿದರು, ಅಕ್ಕಪಕ್ಕದ ಮನೆಯವರು ಮೂಲೆಯೊಂದರಲ್ಲಿ ಕೈತೋಟ ಮಾಡಿದರು. ಹುಲ್ಲಿನ ನಡುವೆ ಬಾನಾಡಿ ಹಕ್ಕಿಗಳು ಗೂಡು ಕಟ್ಟಿದವು. ಮರಿ ಮಾಡುವ ಕಾಲದಲ್ಲಿ ಆ ಭಾಗಕ್ಕೆ ಜನ ಹೋಗದಂತೆ ಈಗಲೂ ತಡೆಯುತ್ತಾರೆ. ಅಂಚುಗಳಲ್ಲಿ ಸುಮಾರು 4,700 ಮನೆ ಮತ್ತು ದೊಡ್ಡದೊಂದು ಗ್ರಂಥಾಲಯ ಕಟ್ಟುವ ಪ್ರಸ್ತಾವ ಬಂದಾಗ ನಾಗರಿಕರು ಸಹಿ ಸಂಗ್ರಹಿಸಿ ಜನಮತ ಗಣನೆಗೆ ಒತ್ತಾಯಿಸಿದರು. 2014ರ ಮೇ 25ರಂದು ಮತದಾನ. ಶೇ 64ಕ್ಕೂ ಹೆಚ್ಚು ಮಂದಿ ಬಯಲು ಬಯಲಾಗಿಯೇ ಇರಲಿ ಎಂದರು. ಮನೆಯ ಅಭಾವ ತೀವ್ರವಾದಂತೆ ಆ ತೀರ್ಮಾನ ಸರಿಯೇ ಎಂಬ ಚರ್ಚೆ ಈಗ ಮತ್ತೆ ಎದ್ದಿದೆ. ಏಳಲಿ. ಚರ್ಚೆಗೆ ಒಂದು ಬಯಲು ಉಳಿದಿದೆಯಲ್ಲ, ಅದು ಮುಖ್ಯ.

ಬಯಲು ಎಂಬುದರ ಬೆಲೆಯನ್ನು ಚಿತ್ರದುರ್ಗ ಸೀಮೆಯವರಿಗೆ ಬರ್ಲಿನ್ನಿನವರು ಹೇಳಿಕೊಡಬೇಕಾಗಿಲ್ಲ. ಹೊಳಲ್ಕೆರೆಯ ಗಣಪತಿಯೇ ಬಯಲು ಗಣಪತಿ. ಹಿರಿಯೂರಿನ ತೇರುಮಲ್ಲೇಶ್ವರನ ರಥ ಸಾಗಬೇಕಾದರೆ ಬೀದಿ ಅಗಲವಿರಬೇಕು, ತೇರು ತಿರುಗಲು ಮೂಲೆಯಲ್ಲಿ ಜಾಗವಿರಬೇಕು. ಅದನ್ನು ಯಾವ ಪ್ರಾಧಿಕಾರವೂ ಬಂದು ಹೇಳಲಿಲ್ಲ, ಊರೇ ಬಿಟ್ಟುಕೊಂಡಿತು. ಚಿತ್ರದುರ್ಗದ ಹಳೆ ಮಾಧ್ಯಮಿಕ ಶಾಲಾ ಮೈದಾನ, ಹೊಸದುರ್ಗದ ಸಂತೆಯ ಜಾಗ, ಹಳ್ಳಿಹಳ್ಳಿಯ ಗೋಮಾಳ ಮತ್ತು ಗುಂಡುತೋಪು: ಇವೆಲ್ಲ ಒಬ್ಬರದಲ್ಲದ, ಎಲ್ಲರದಾದ ನೆಲ.

ಈ ಜಿಲ್ಲೆಯಲ್ಲಿ ಮುಚ್ಚಿಹೋದ ದೊಡ್ಡ ವಿಮಾನ ನಿಲ್ದಾಣವಿಲ್ಲ. ಹೊಸದಾಗಿ ಹುಟ್ಟಿದ ಹಾರುದಾಣವಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು ಕಾವಲು, ದೊಡ್ಡ ಉಳ್ಳಾರ್ತಿ ಸುತ್ತಿನ ಅಮೃತ ಮಹಲ್ ಕಾವಲಿನಲ್ಲಿ 2009ರಿಂದಾಚೆ ಸುಮಾರು 10 ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಡಿಆರ್‌ಡಿಒಗೆ ಸಿಕ್ಕಿದ್ದು 4,290 ಎಕರೆ. ಅಳತೆಯಲ್ಲಿ ಅದು ಸ್ಟೇಪಲ್ಟನ್‌ಗೆ ಹತ್ತಿರ; ಅದರೊಳಗೆ ಟೆಂಪಲ್‌ಹೋಫ್‌ನಂಥವು ಐದು ಹಿಡಿಸುತ್ತವೆ. 2016ರ ನವೆಂಬರಿನಲ್ಲಿ ರುಸ್ತುಂ–2 ಎಂಬ ಮಾನವರಹಿತ ವಿಮಾನ ಇಲ್ಲಿಂದ ಮೊದಲ ಬಾರಿ ಹಾರಿತು. 2017ರ ಮೇಯಲ್ಲಿ ವೈಮಾನಿಕ ಪರೀಕ್ಷಾ ವಲಯ ಅಧಿಕೃತವಾಗಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊದ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ ಅದು ತಾನೇ ದಾರಿ ಹುಡುಕಿ ಇದೇ ರನ್‌ವೇಗೆ ಇಳಿಯಿತು. ದೇಶಕ್ಕೆ ಹೆಮ್ಮೆ ತಂದ ಕೆಲಸ ಅದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ನೆಲಕ್ಕೆ ಅದಕ್ಕೂ ಹಳೆಯ ಚರಿತ್ರೆಯಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ, ಹೈದರ್ ಮತ್ತು ಟಿಪ್ಪುವಿನ ಅಮೃತ ಮಹಲ್ ಕಾಲದಿಂದ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲದು. ಸುತ್ತಲಿನ ಹಳ್ಳಿಗಳ ಕುರಿ, ದನ ಮೇಯುತ್ತಿದ್ದವು. ಆ ಕುರಿಯ ಉಣ್ಣೆ ಕಂಬಳಿ ನೇಕಾರರ ಮಗ್ಗಕ್ಕೆ ಬರುತ್ತಿತ್ತು. ಕೃಷ್ಣಮೃಗ ಓಡಾಡುತ್ತಿದ್ದ ಜಾಗ. ಹಳ್ಳಿಯಿಂದ ಹಳ್ಳಿಗೆ ಬಂಡಿಜಾಡುಗಳಿದ್ದವು. ಗೋಡೆ ಎದ್ದಾಗ ಮೇವಿನೊಡನೆ ದಾರಿಯೂ ಹೋಯಿತು. ಗ್ರಾಮಸ್ಥರೂ ಪರಿಸರ ಸಂಘಟನೆಯೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋದರು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಯೋಜನೆಗಳು ಮುಂದುವರಿದವು. ಜಮೀನು ಮಂಜೂರಾಗುವ ಮೊದಲೇ ಆ ಹಳ್ಳಿಗಳ ಗ್ರಾಮಸಭೆಯಲ್ಲಿ ನಕ್ಷೆ ಬಿಚ್ಚಿಟ್ಟು, ಯಾವ ದಾರಿ ಉಳಿಯುತ್ತದೆ, ಯಾವುದಕ್ಕೆ ಬದಲಿ ಸಿಗುತ್ತದೆ ಎಂದು ಹೇಳಬೇಕಿತ್ತು. ಅದು ಆಗಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಕಾವಲುಗಳ ಮಾತು ಚಳ್ಳಕೆರೆಗೆ ಮುಗಿಯುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಎಮ್ಮಿಗನೂರು, ರಾಮಗಿರಿಯಲ್ಲಿ ಅಮೃತ ಮಹಲ್ ತಳಿ ಸಂವರ್ಧನೆಯ ಕೇಂದ್ರಗಳಿವೆ. ಭದ್ರಾ ಮೇಲ್ದಂಡೆಯ ಕಾಲುವೆ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹೊಲಗಳನ್ನು ಸೀಳಿಕೊಂಡು ಬರುತ್ತಿದೆ. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗ ಹಿರಿಯೂರು, ಚಿತ್ರದುರ್ಗದ ಮೇಲೆ ಹಾದುಹೋಗಲಿದೆ. ಹೆದ್ದಾರಿ ಊರ ಹೊರಗೆ ಸರಿದ ಮೇಲೆ ಚಿತ್ರದುರ್ಗದ ಬಿ.ಡಿ. ರಸ್ತೆ ಊರಿನ ರಸ್ತೆಯಾಗಿದೆ. ಅದರಲ್ಲಿ ಪಾದಚಾರಿಗೆ ಎಷ್ಟು ಪಾಲು ಎಂಬುದು ಇನ್ನೂ ಇತ್ಯರ್ಥವಾಗಬೇಕು. ವಿಮಾನ ನಿಲ್ದಾಣದ ಪ್ರಶ್ನೆಯೇ ಇಲ್ಲಿ ಕಾಲುವೆ, ಹಳಿ, ಹೆದ್ದಾರಿಯ ರೂಪದಲ್ಲಿ ಬಂದು ನಿಂತಿದೆ. ಉದ್ದನೆಯ ಯಾವುದೇ ಕಾಮಗಾರಿ ಬಂದರೂ ಅಡ್ಡ ಬರುವ ದಾರಿಗಳು ಮೊದಲು ಬಲಿಯಾಗುತ್ತವೆ. ಹೊಲದಿಂದ ಕಣಕ್ಕೆ ಬಂಡಿ ತರುವವನು, ಕೆರೆ ಏರಿಯ ಮೇಲೆ ಶಾಲೆಗೆ ನಡೆಯುವ ಹುಡುಗಿ ಯೋಜನಾ ವರದಿಯಲ್ಲಿ ಕಾಣಿಸುವುದೇ ಇಲ್ಲ.

ಕಾಣಿಸುವಂತೆ ಮಾಡಲು ಕಾನೂನಿನಲ್ಲಿ ಅವಕಾಶವಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳು ಸರ್ಕಾರದ ಸ್ವತ್ತು. 68ನೇ ಕಲಂ ಪ್ರಕಾರ ಅಂಥ ದಾರಿಯ ಮೇಲಿನ ಜನರ ಹಕ್ಕನ್ನು ರದ್ದುಮಾಡಬೇಕಾದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಪಡೆಯಬೇಕು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ 1985ರ ಕಾಯ್ದೆಯೊಂದಿದೆ. ಇವು ಜಾರಿಗೆ ಬರುವುದು ಯಾರಾದರೂ ಕೇಳಿದಾಗ. ಬರ್ಲಿನ್ನಿನ ಬಯಲು ಉಳಿದದ್ದೂ ಜನ ಸಹಿ ಹಾಕಿದ್ದರಿಂದ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಓದುಗರು ಈ ವಾರ ಒಂದು ಕೆಲಸ ಮಾಡಬಹುದು. ತಾಲ್ಲೂಕಿನ ಭೂಮಾಪನ ಕಚೇರಿಯಿಂದ ನಿಮ್ಮೂರಿನ ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಗುರುತಾಗಿರುವ ಬಂಡಿದಾರಿ, ಕಾಲುದಾರಿ, ಹಳ್ಳ, ಗೋಮಾಳ, ಗುಂಡುತೋಪು ಇವತ್ತು ನೆಲದ ಮೇಲೆ ಇವೆಯೇ ಎಂದು ನಡೆದು ನೋಡಿ. ಇದ್ದರೆ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಇಲ್ಲದಿದ್ದರೆ ತಹಶೀಲ್ದಾರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಲುವೆಯದೋ ರೈಲಿನದೋ ಬಡಾವಣೆಯದೋ ಕರಡು ನಕ್ಷೆ ಪ್ರಕಟವಾದ ದಿನ ಆ ನಕಾಶೆ ಕೈಯಲ್ಲಿರಲಿ, ಆಕ್ಷೇಪಣೆಯ ಗಡುವು ಮುಗಿಯುವ ಮೊದಲೇ ನಿಮ್ಮ ಅರ್ಜಿ ಕಚೇರಿಯಲ್ಲಿರಲಿ.